ಒಂದೇ ಮನೆ, ಮೂರು ಗಡಿಯಾರ

(ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಸಲಹೆಗಾಗಿ ಅಪ್ಪನ ಜೊತೆ ನನ್ನ ಬಳಿ ಬಂದ ರಾಜಾಜಿನಗರದ ಹುಡುಗ. ತೊಂದರೆ ನಿದ್ದೆಯದ್ದು. ವಯಸ್ಸು 17, ಎರಡನೇ ಪಿಯು. ಕೂರುವ ಮೊದಲೇ ಅಪ್ಪನ ದೂರು ಶುರುವಾಯಿತು. "ಬರೀ ಸೋಮಾರಿ ಮೇಡಂ. ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ರೆ ತಲೆಗೆ ಹತ್ತುತ್ತೆ ಅಂತ ದಿನಾ ಹೇಳ್ತೀನಿ. ಇವರಜ್ಜಿ 4 ಗಂಟೆಗೇ ಏಳ್ತಾರೆ, ಇವನಿಗೇನು?"

ಅಪ್ಪನನ್ನು ಹೊರಗೆ ಕೂರಿಸಿದ ಮೇಲೆ ಹುಡುಗ ಬಾಯಿಬಿಟ್ಟ. 10ಕ್ಕೆ ಮಲಗಿದರೂ 1ರವರೆಗೆ ಹೊರಳಾಟ. 6ಕ್ಕೆ ಟ್ಯೂಷನ್, ಹಾಗಾಗಿ 5ಕ್ಕೇ ಏಳಬೇಕು. ಕಾಲೇಜಿನಿಂದ ಬಂದು ಮೂರು ಗಂಟೆ ಮಲಗುತ್ತಾನೆ. ಸಂಜೆ 7ಕ್ಕೆ ದೊಡ್ಡ ಲೋಟ ಕಾಫಿ. ಭಾನುವಾರ 12ರ ತನಕ ಹಾಸಿಗೆ. ಬೇಸರ, ಭಯ, ಗೊರಕೆ ಎಲ್ಲ ವಿಚಾರಿಸಿದೆ. ಅಂಥದ್ದೇನಿರಲಿಲ್ಲ.

ಅಪ್ಪನಿಗೆ ಚಿತ್ರ ಬರೆದು ತೋರಿಸಿದೆ. ಮೆದುಳಿನ ಹೈಪೋಥಾಲಮಸ್‌ನಲ್ಲಿ ಸುಮಾರು 20,000 ಜೀವಕೋಶಗಳ ಪುಟ್ಟ ಗುಂಪೊಂದಿದೆ. ಅದೇ ಮೈಯ ಗಡಿಯಾರ. ಬೆಳಕಿನ ಸುದ್ದಿ ಅದಕ್ಕೆ ಕಣ್ಣಿನಿಂದ ಹೋಗುತ್ತದೆ. ಕತ್ತಲಾದಾಗ ಮೆದುಳಿನಲ್ಲೇ ಇರುವ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನು ಬಿಡುತ್ತದೆ. ಅದು ನಿದ್ದೆಮಾತ್ರೆ ಅಲ್ಲ, 'ರಾತ್ರಿಯಾಯ್ತು' ಎಂದು ಮೈಗೆ ಸಾರುವ ಡಂಗುರ. ಹರೆಯದಲ್ಲಿ ಆ ಡಂಗುರ ತಡವಾಗಿ ಬಾರಿಸುತ್ತದೆ. ವಯಸ್ಸಾದಂತೆ ಬೇಗ. ಅಜ್ಜಿ 4ಕ್ಕೆ ಏಳುವುದು ಬರೀ ಶಿಸ್ತಲ್ಲ, ಮೊಮ್ಮಗನಿಗೆ ನಿದ್ದೆ ಬಾರದ್ದು ಬರೀ ಸೋಮಾರಿತನವೂ ಅಲ್ಲ.

"ಹಾಗಾದ್ರೆ ಮೊಬೈಲ್ ತಪ್ಪೇ ಇಲ್ವಾ?"

ಇದೆ. ರಾತ್ರಿಯ ಬೆಳಕು ಆ ಡಂಗುರವನ್ನು ಇನ್ನೂ ಮುಂದಕ್ಕೆ ತಳ್ಳುತ್ತದೆ. ಕಾಫಿಯದ್ದು ಬೇರೆ ಕಥೆ. ನಾವು ಎಚ್ಚರ ಇದ್ದಷ್ಟೂ ಮೆದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಸೇರುತ್ತಾ ನಿದ್ದೆ ಎಳೆಯುತ್ತದೆ. ಕಾಫಿಯಲ್ಲಿರುವ ಕೆಫೀನ್ ಅದರ ಜಾಗದಲ್ಲಿ ಹೋಗಿ ಕೂರುತ್ತದೆ, ಬಸ್ಸಿನ ಸೀಟಿಗೆ ಯಾರೋ ಟವೆಲ್ ಹಾಕಿದ ಹಾಗೆ. ಸುಮಾರು 5 ಗಂಟೆ ಕಳೆದರೂ ಅರ್ಧ ಉಳಿದಿರುತ್ತದೆ. ಮಧ್ಯಾಹ್ನದ ಉದ್ದ ನಿದ್ದೆಯಂತೂ ಸೇರಿದ್ದ ಅಡೆನೋಸಿನ್ ಅನ್ನೇ ಕರಗಿಸಿಬಿಡುತ್ತದೆ.

ಮೊದಲ ಸಲಹೆ: ಟ್ಯೂಷನ್ ಸಂಜೆ ಬ್ಯಾಚಿಗೆ ಹಾಕಿಸಿ. ಇದಕ್ಕೆ ಅಪ್ಪ ಒಪ್ಪಲು ಎರಡು ಭೇಟಿ ಬೇಕಾಯಿತು. ಬೆಳಗ್ಗೆ ಏಳುವುದು ದಿನಾ 6:45ಕ್ಕೆ, ಎದ್ದವನೇ ತಾರಸಿಗೆ ಹೋಗಿ ಬಿಸಿಲಲ್ಲಿ ಅಡ್ಡಾಡಬೇಕು. ಮಧ್ಯಾಹ್ನ 20 ನಿಮಿಷಕ್ಕಿಂತ ಜಾಸ್ತಿ ಮಲಗಬಾರದು, 2ರ ಮೇಲೆ ಕಾಫಿ ಇಲ್ಲ. ಭಾನುವಾರ ಸ್ವಲ್ಪ ತಡವಾದರೂ 8 ದಾಟಬಾರದು. 10ಕ್ಕೇ ಮಲಗಿ ಹೊರಳುವುದು ಬೇಡ, 11:30ಕ್ಕೆ ಮಲಗಿ ಮೆಲ್ಲಗೆ ಹಿಂದಕ್ಕೆ ಸರಿಯಲಿ. ರಾತ್ರಿ ಮೊಬೈಲು ಹಾಲ್‌ನಲ್ಲಿ, ಅಪ್ಪನದ್ದೂ! ಮೆಲಟೋನಿನ್ ಮಾತ್ರೆ ಕೇಳಿದರು. ಡಾಕ್ಟರ್ ಹೇಳದೆ ಸುಮ್ನೆ ತಗೋಬೇಡಿ ಎಂದೆ.

ನಾಲ್ಕನೇ ವಾರಕ್ಕೆ ಹುಡುಗ 11ಕ್ಕೆ ನಿದ್ದೆ ಹೋಗುತ್ತಿದ್ದ. ಅಜ್ಜಿ ನಸುಕಿನ ರೇಡಿಯೋ ಸದ್ದು ತಗ್ಗಿಸಿದ್ದಾರಂತೆ. ಭಾನುವಾರದ ಜಗಳ ಮಾತ್ರ ಇನ್ನೂ ನಿಂತಿಲ್ಲ.