ಟೆನಿಸ್ ಡಬಲ್ಸ್ ಸ್ಕೋರ್‌ನಲ್ಲಿ ಮೂರನೇ ಸೆಟ್ '10-6' ಅಂತ ಯಾಕೆ ಇರುತ್ತದೆ?

ಅದು ಪೂರ್ತಿ ಸೆಟ್ ಅಲ್ಲ, ಮ್ಯಾಚ್ ಟೈಬ್ರೇಕ್. ಎಟಿಪಿ (ಪುರುಷರ ವೃತ್ತಿಪರ ಟೆನಿಸ್ ಸಂಘ) ಟೂರ್ನಿಗಳ ಪುರುಷರ ಡಬಲ್ಸ್‌ನಲ್ಲಿ ಎರಡೂ ಜೋಡಿ ಒಂದೊಂದು ಸೆಟ್ ಗೆದ್ದರೆ ಮೂರನೇ ಸೆಟ್ ಆಡಿಸುವುದಿಲ್ಲ, ಬದಲಿಗೆ ಈ ಟೈಬ್ರೇಕ್ ಆಡಿಸುತ್ತಾರೆ. ಮೊದಲು 10 ಪಾಯಿಂಟ್ ಮುಟ್ಟಿದವರು ಗೆದ್ದ ಹಾಗೆ. ಆದರೆ 2 ಪಾಯಿಂಟ್ ಅಂತರ ಬೇಕೇ ಬೇಕು.

2024ರ ಮಯಾಮಿ ಓಪನ್ ಫೈನಲ್ ನೋಡಿ. ನಮ್ಮ ಕೊಡಗಿನ ರೋಹನ್ ಬೋಪಣ್ಣ ಮತ್ತು ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್, ಡೋಡಿಗ್-ಕ್ರಾಯಿಚೆಕ್ ಜೋಡಿಯನ್ನು 6-7, 6-3, 10-6ರಿಂದ ಸೋಲಿಸಿದರು. ಆಗ ಬೋಪಣ್ಣನವರಿಗೆ 44 ವರ್ಷ! ಆ ವಯಸ್ಸಿನಲ್ಲಿ ಅಂಥ ಒತ್ತಡ ತಡೆದುಕೊಳ್ಳುವುದು ಸುಮ್ನೆ ಮಾತಲ್ಲ.

ಇನ್ನೊಂದು ನಿಯಮವೂ ಇದೆ. ಗೇಮ್ 40-40 ಆದರೆ ಅಡ್ವಾಂಟೇಜ್ (ಸತತ ಎರಡು ಪಾಯಿಂಟ್ ಗೆಲ್ಲಬೇಕೆಂಬ ಕ್ರಮ) ಇಲ್ಲ, ಮುಂದಿನ ಒಂದೇ ಪಾಯಿಂಟ್‌ಗೆ ಗೇಮ್ ಮುಗಿಯುತ್ತದೆ. ಆ ಸರ್ವ್ ಅನ್ನು ಎಡಗಡೆಯವರು ಎದುರಿಸಬೇಕಾ, ಬಲಗಡೆಯವರಾ ಅಂತ ರಿಟರ್ನ್ ಮಾಡುವ ಜೋಡಿಯೇ ಆರಿಸಿಕೊಳ್ಳುತ್ತದೆ. ನನಗೆ ಇದೇ ಜಾಸ್ತಿ ಇಷ್ಟ. ಅಲ್ಲಿ ಜೋಡಿಯ ನಂಬಿಕೆ ಕಾಣುತ್ತದೆ, ಅಲ್ವಾ?

ಪಂದ್ಯ ಬೇಗ ಮುಗಿಯಲಿ, ವೇಳಾಪಟ್ಟಿಗೆ ಹೊಂದಲಿ ಅಂತ ಈ ಬದಲಾವಣೆ ತಂದರು. ಆದರೆ ಆಸ್ಟ್ರೇಲಿಯನ್ ಓಪನ್‌ನಂಥ ಗ್ರ್ಯಾಂಡ್ ಸ್ಲಾಮ್ ಟೂರ್ನಿಗಳ ಪುರುಷರ ಡಬಲ್ಸ್‌ನಲ್ಲಿ ಮೂರನೇ ಸೆಟ್ ಪೂರ್ತಿ ಆಡುತ್ತಾರೆ. 6-6 ಆದರೆ ಮಾತ್ರ 10 ಪಾಯಿಂಟ್‌ಗಳ ಟೈಬ್ರೇಕ್.