ಎನ್1 ಆದಮೇಲೆ ಜಪಾನೀಸ್‌ನಲ್ಲಿ ಕಲಿಯೋಕೆ ಇನ್ನೇನಿದೆ?

ನೀವು ಕೇಳಿರುವುದು ಇಷ್ಟು: ಸಂಜೆ ತರಗತಿಗೆ ಹೋಗಿ ಎನ್2 ಪಾಸಾಗಿದ್ದೀರಿ, ಡಿಸೆಂಬರಿನಲ್ಲಿ ಎನ್1 ಬರೆಯುತ್ತೀರಿ (ಜೆಎಲ್‌ಪಿಟಿ ಅನ್ನುವ ಜಪಾನೀಸ್ ಭಾಷಾ ಪರೀಕ್ಷೆಯಲ್ಲಿ ಎನ್1 ಅತಿ ಮೇಲಿನ ಹಂತ, ಎನ್2 ಅದರ ಕೆಳಗಿನದು). ಅದೂ ಆಗಿಬಿಟ್ಟರೆ ಜಪಾನೀಸ್ ಎಂ.ಎ. ಮಾಡುವುದರಲ್ಲಿ ಅರ್ಥವಿದೆಯಾ, ಅಲ್ಲಿ ಹೊಸದಾಗಿ ಏನು ಹೇಳಿಕೊಡುತ್ತಾರೆ?

ನಾನು ದಿಲ್ಲಿಯಲ್ಲಿ ಬಿ.ಎ., ಎಂ.ಎ. ಎರಡನ್ನೂ ಜಪಾನೀಸ್‌ನಲ್ಲೇ ಮಾಡಿದವಳು. ಬಿ.ಎ. ಮಧ್ಯೆ ಜಪಾನ್ ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿ ಒಂದು ವರ್ಷ ಅಲ್ಲಿನ ವಿಶ್ವವಿದ್ಯಾಲಯದಲ್ಲಿದ್ದೆ. ಹೊರಡುವ ಮುಂಚೆಯೇ ಎನ್1 ಆಗಿತ್ತು. ಪಾಸಾಗಲು 180ಕ್ಕೆ 100 ಆದರೂ ಬೇಕು, ನನಗೆ 131 ಬಂದಿತ್ತು. ಅಮ್ಮ ಹೋಳಿಗೆ ಮಾಡಿದ್ದರು. ಆ ಹೋಳಿಗೆ ಅರಗಿದ್ದು ಅಲ್ಲಿ ನನ್ನ ಮೊದಲ ರಿಪೋರ್ಟ್ ತಿದ್ದಿ ವಾಪಸ್ ಕೊಟ್ಟ ದಿನ.

2000 ಅಕ್ಷರಗಳ ರಿಪೋರ್ಟು ಅದು. ಅಲ್ಲಿ ಪದ ಎಣಿಸುವುದಿಲ್ಲ, ಅಕ್ಷರ ಎಣಿಸುತ್ತಾರೆ. ಹದಿನೇಳು ಕಡೆ ಕೆಂಪು ಸುತ್ತು ಬಿದ್ದಿತ್ತು, ಎಲ್ಲವೂ ಒಂದೇ ಮಾತಿಗೆ: 'ತೊ ಒಮೊಉ', ಅಂದರೆ 'ಅಂತ ಅನ್ನಿಸುತ್ತದೆ'. "ಬರೆದವರು ನೀವೇ ತಾನೆ, ನಿಮಗಲ್ಲದೆ ಇನ್ಯಾರಿಗೆ ಅನ್ನಿಸಬೇಕು? ಯಾಕೆ ಅನ್ನಿಸಿತು ಅನ್ನೋದನ್ನು ಬರೆಯಿರಿ" ಅಂದರು ಮೇಷ್ಟ್ರು. ವ್ಯಾಕರಣದ ತಪ್ಪು ಎರಡೋ ಮೂರೋ ಇದ್ದವು. ಅದರ ಬಗ್ಗೆ ಅವರು ಮಾತೇ ಆಡಲಿಲ್ಲ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ. ಎನ್1ನಲ್ಲಿ ನೀವಾಗಿ ಒಂದು ವಾಕ್ಯವನ್ನೂ ಬರೆಯಬೇಕಿಲ್ಲ, ಒಂದು ಮಾತನ್ನೂ ಆಡಬೇಕಿಲ್ಲ. ಕೊಟ್ಟಿರುವ ಉತ್ತರಗಳಲ್ಲಿ ಸರಿಯಾದದ್ದರ ವೃತ್ತ ತುಂಬಿದರೆ ಆಯಿತು. ವಿಶ್ವವಿದ್ಯಾಲಯದಲ್ಲಿ ಬರೆಯುವುದೇ ಕೆಲಸ. ಅದೂ 'ದೆಅರು' ಶೈಲಿಯಲ್ಲಿ, ಅಂದರೆ ವಾಕ್ಯವನ್ನು 'ದೆಅರು' ಅಂತ ಮುಗಿಸುವ ಬರಹದ ಶೈಲಿಯಲ್ಲಿ. ನಾವು ತರಗತಿಯಲ್ಲಿ ಕಲಿಯುವ 'ದೆಸು', 'ಮಾಸು' ಅನ್ನುವ ಕೊನೆಗಳು ಎದುರಿಗಿರುವವರ ಜೊತೆ ಆಡುವ ಮರ್ಯಾದೆಯ ಮಾತು. ಪ್ರಬಂಧದಲ್ಲಿ ಎದುರಿಗೆ ಯಾರೂ ಇಲ್ಲವಲ್ಲ, ಹಾಗಾಗಿ 'ದೆಅರು'. ಒಂದು ಪ್ಯಾರಾದಲ್ಲಿ ಎರಡೂ ಬೆರೆತರೆ, ನಮ್ಮಲ್ಲಿ ಸಂಶೋಧನಾ ಪ್ರಬಂಧದ ನಡುವೆ 'ಏನ್ ಗೊತ್ತಾ ಸಾರ್' ಅಂತ ಬರೆದ ಹಾಗೆ ಕಾಣುತ್ತದೆ.

ಆಮೇಲೆ ಝೆಮಿ, ಅಂದರೆ ಸೆಮಿನಾರು. ಎಂಟು ಹತ್ತು ಜನ, 90 ನಿಮಿಷ, ಒಂದೇ ಒಂದು ಲೇಖನ. ಆ ವಾರ ಯಾರ ಸರದಿಯೋ ಅವರು ಅದರ ಸಾರವನ್ನು ಒಂದೆರಡು ಹಾಳೆಗೆ ಇಳಿಸಿ ಎಲ್ಲರಿಗೂ ಹಂಚಬೇಕು. ಆ ಹಾಳೆಗೆ 'ರೆಜ್ಯುಮೆ' ಅನ್ನುತ್ತಾರೆ. (ಮೊದಲ ಸಲ ಕೇಳಿದಾಗ ನಾನು ನನ್ನ ಬಯೋಡೇಟಾ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ.) ನನ್ನ ಸರದಿ ಬಂದಾಗ ಲೇಖಕರು ಹೇಳಿದ್ದಕ್ಕೆ ಪೂರ್ತಿ ಉಲ್ಟಾ ಹೇಳಿದೆ. ನಾಲ್ಕು ಸಾಲಿನ ಒಂದು ವಾಕ್ಯ. ಅದರ ಬಾಲದಲ್ಲಿ 'ತೊವ ಕಗಿರನಾಯ್' ಇತ್ತು, ಅಂದರೆ 'ಹಾಗೇ ಆಗಬೇಕೆಂದಿಲ್ಲ'. ಅಲ್ಲಿಗೆ ಬರುವಷ್ಟರಲ್ಲಿ ನಾನು ಆಗಲೇ ಅರ್ಥ ಮಾಡಿಕೊಂಡು ಮುಗಿಸಿದ್ದೆ! ಅದೇ ವಾಕ್ಯದ ಶುರುವಿನಲ್ಲಿ 'ಕನರಝುಶಿಮೊ' ಅನ್ನುವ ಪದವಿತ್ತು. ಅದು ಬಂದರೆ ಕೊನೆಯಲ್ಲಿ ಇಲ್ಲ ಅನ್ನುವುದು ಬಂದೇ ಬರುತ್ತದೆ. ಕನ್ನಡದಲ್ಲಿ 'ಅಷ್ಟೇನೂ' ಅಂತ ಕೇಳಿದ ಕೂಡಲೇ ಮುಂದೆ 'ಇಲ್ಲ' ಬರುತ್ತದೆಂದು ಕಿವಿಗೆ ಗೊತ್ತಾಗುತ್ತದಲ್ಲ, ಹಾಗೆ. ಕಿವಿ ಅಷ್ಟು ಚುರುಕಾಗಲು ಉದ್ದುದ್ದ ವಾಕ್ಯಗಳನ್ನು ಪೂರ್ತಿ ಓದಬೇಕು. ಪರೀಕ್ಷೆಗೆ ಓದುವಾಗ ನಾವು ಅದನ್ನು ಮಾಡುವುದೇ ಇಲ್ಲ, ಪ್ರಶ್ನೆ ನೋಡಿ ಉತ್ತರ ಇರುವ ಸಾಲು ಹುಡುಕುತ್ತೇವೆ.

ಕನ್ನಡ ಬಲ್ಲವರಿಗೆ ಜಪಾನೀಸ್ ಸುಲಭ ಅನ್ನುತ್ತಾರಲ್ಲ, ಅದು ಶುರುವಿನಲ್ಲಿ ನಿಜ. ಕ್ರಿಯಾಪದ ಕೊನೆಗೆ, 'ತಿಂದು ನೋಡು' ಅನ್ನುವುದಕ್ಕೆ 'ತಬೆತೆ ಮಿರು', ಯಾರೋ 'ದರೆಕ', ಯಾರೂ 'ದರೆಮೊ'. ಮೇಲಿನ ಹಂತದಲ್ಲಿ ನನ್ನ ಕೈ ಹಿಡಿದದ್ದು ಬೇರೆ. ನಮ್ಮಲ್ಲಿ ಕುಡಿಯುವುದು ನೀರು, ಆದರೆ ಜಲಾಶಯ, ಜಲಪಾತ. ಅಲ್ಲಿ ಕುಡಿಯುವುದು 'ಮಿಝು', ಆದರೆ ನಲ್ಲಿ ನೀರಿನ ವ್ಯವಸ್ಥೆ 'ಸುಯಿದೋ'. ಕಾಂಜಿ, ಅಂದರೆ ಚೀನಾದಿಂದ ಬಂದ ಚಿತ್ರಾಕ್ಷರ, ಎರಡಕ್ಕೂ ಒಂದೇ, ಮಿಝು ಮನೆಯ ಪದ, ಸುಯಿ ಚೀನಾದಿಂದ ಬಂದದ್ದು. ವಿದ್ವತ್ತಿನ ಬರಹವೆಲ್ಲ ಇಂಥ ಚೀನೀ ಮೂಲದ ಜೋಡಿಪದಗಳಿಂದ ತುಂಬಿರುತ್ತದೆ, ನಮ್ಮಲ್ಲಿ ಸಂಸ್ಕೃತದ್ದು ತುಂಬಿರುವ ಹಾಗೆ. ಯಾವುದನ್ನು ಎಲ್ಲಿ ಹಾಕಿದರೆ ತೂಕ, ಎಲ್ಲಿ ಹಾಕಿದರೆ ಬಡಾಯಿ ಅನ್ನುವ ಅಂದಾಜು ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಬೇಗ ಸಿಕ್ಕಿತು. ದಿನಬಳಕೆಯ 2136 ಕಾಂಜಿಗಳ ಸರ್ಕಾರಿ ಪಟ್ಟಿ ಬಾಯಿಪಾಠ ಮಾಡಿದರೆ ಅದು ಬರುವುದಿಲ್ಲ.

ನನಗೆ ತುಂಬ ಇಷ್ಟವಾದದ್ದು ಹಳೆಯ ಭಾಷೆಯ ತರಗತಿ, 'ಕೊಬುನ್'. ಮೊದಲ ತಿಂಗಳು ಅಳುವೇ ಬಂದಿತ್ತು. 'ಕೆಫು' ಅಂತ ಬರೆದು 'ಕ್ಯೋ' ಅಂತ ಓದಬೇಕು, ಅರ್ಥ 'ಇವತ್ತು'. ಆಮೇಲೆ ಒಂದು ದಿನ ಮೇಷ್ಟ್ರು 16ನೇ ಶತಮಾನದ ಒಂದು ಒಗಟು ಬರೆದರು: ತಾಯಿಯಲ್ಲಿ ಎರಡು ಸಲ ಸೇರುತ್ತವೆ, ತಂದೆಯಲ್ಲಿ ಒಂದು ಸಲವೂ ಸೇರುವುದಿಲ್ಲ, ಏನು? ಉತ್ತರ: ತುಟಿ. ತಾಯಿಗೆ 'ಹಹ', ತಂದೆಗೆ 'ಚಿಚಿ'. ಹಹ ಅಂದರೆ ತುಟಿ ಎಲ್ಲಿ ಸೇರುತ್ತದೆ? ಇಂದು ಸೇರುವುದಿಲ್ಲ. ಆಗ ಆ 'ಹ'ವನ್ನು ಎರಡೂ ತುಟಿ ಹತ್ತಿರ ತಂದು ಊದುವಂತೆ ಹೇಳುತ್ತಿದ್ದರು, ಫುಜಿ ಬೆಟ್ಟದ 'ಫು' ಈಗಲೂ ಹಾಗೇ ಇದೆ. ಅದಕ್ಕೂ ಹಿಂದೆ ಅದು 'ಪ' ಆಗಿತ್ತು. ನಾನು ಕೂತಲ್ಲೇ ಪಾಲು ಹಾಲು, ಪುಲಿ ಹುಲಿ ಅಂದುಕೊಂಡೆ. ಎದ್ದು ಹೇಳಿದ್ದಕ್ಕೆ ಮೇಷ್ಟ್ರು ಬೋರ್ಡಿನ ಮೇಲೆ ಅದನ್ನೂ ಬರೆಸಿದರು, ಕನ್ನಡ ಅಕ್ಷರದಲ್ಲೇ. ಎರಡು ಭಾಷೆಗೂ ನಂಟಿದೆ ಅಂತ ಇದರಿಂದ ಅಂದುಕೊಳ್ಳಬೇಡಿ, ಎರಡೂ ಬೇರೆಬೇರೆಯಾಗಿ ಒಂದೇ ದಾರಿ ಹಿಡಿದಿವೆ, ಅಷ್ಟೇ.

ಹಾಗಾದರೆ ಎಂ.ಎ. ಮಾಡಬೇಕಾ? ಬೆಂಗಳೂರಿನ ಕಂಪನಿಯಲ್ಲಿ ಅನುವಾದದ ಕೆಲಸ ಬೇಕಿದ್ದರೆ ಸುಮ್ನೆ ಎರಡು ವರ್ಷ ಕಳೆಯಬೇಡಿ. ಎನ್2 ಇಟ್ಟುಕೊಂಡು ಈಗಲೇ ಸೇರಿಕೊಳ್ಳಿ, ಕೆಲಸವೇ ಜಾಸ್ತಿ ಕಲಿಸುತ್ತದೆ. ಮೇಲಿನ ಒಗಟು ಓದುವಾಗ ನಿಮಗೂ ಏನೋ ಖುಷಿಯಾಗಿದ್ದರೆ ಮಾತ್ರ ಜೆಎನ್‌ಯು, ದಿಲ್ಲಿ ವಿಶ್ವವಿದ್ಯಾಲಯ, ಶಾಂತಿನಿಕೇತನದ ವಿಶ್ವಭಾರತಿ, ಇವುಗಳ ಪ್ರವೇಶದ ಷರತ್ತು ನೋಡಿ. ನನಗೆ ಸಿಕ್ಕ ಸ್ಕಾಲರ್‌ಶಿಪ್ ಪದವಿಯಲ್ಲಿ ಜಪಾನೀಸ್ ಓದುತ್ತಿರುವವರಿಗೆ ಮಾತ್ರ. ಪದವಿ ಮುಗಿಸಿದವರಿಗೆ ಸಂಶೋಧನಾ ವಿದ್ಯಾರ್ಥಿಯ ಸ್ಕಾಲರ್‌ಶಿಪ್ ಬೇರೆ ಇದೆ, ಬೆಂಗಳೂರಿನ ಜಪಾನ್ ಕಾನ್ಸುಲೇಟಿನಲ್ಲಿ ವಿಚಾರಿಸಿ.

ಎರಡರಲ್ಲಿ ಯಾವುದಾದರೂ ಇರಲಿ, ಇವತ್ತೇ ಒಂದು ಕೆಲಸ ಶುರುಮಾಡಬಹುದು. ಅಲ್ಲಿನ ಮಕ್ಕಳು ಪ್ರಬಂಧ ಬರೆಯುವ ಚೌಕದ ಹಾಳೆ ಇದೆ, ಒಂದು ಹಾಳೆಗೆ 400 ಮನೆ. ವಾರಕ್ಕೊಂದು ಲೇಖನ ಓದಿ, ಅದನ್ನು ಮುಚ್ಚಿಟ್ಟು, ಸಾರವನ್ನು ಆ 400 ಮನೆಯೊಳಗೆ 'ದೆಅರು'ನಲ್ಲಿ ಬರೆಯಿರಿ. 'ಒಮೊಉ' ಒಂದೂ ಇರಬಾರದು. ಶುರುವಿನಲ್ಲಿ ನನಗೆ ಒಂದು ಹಾಳೆಗೆ ಮೂರು ಗಂಟೆ ಹಿಡಿಯುತ್ತಿತ್ತು.