ಐದು ಪಂಚಾಯಿತಿ, ಒಂದು ಕೋಲ್ಡ್ ಸ್ಟೋರೇಜ್: ಮೊದಲು ಚೀಲದ ಲೆಕ್ಕ

ಪ್ರಶ್ನೆ: ನಮ್ಮ ಐದು ಗ್ರಾಮ ಪಂಚಾಯಿತಿಗಳಲ್ಲಿ ಮೆಣಸಿನಕಾಯಿಯೇ ದುಡ್ಡಿನ ಬೆಳೆ. ಎಲ್ಲರೂ ಸೇರಿ ಒಂದು ಕೋಲ್ಡ್ ಸ್ಟೋರೇಜ್ ಕಟ್ಟಿಸಬೇಕೆಂದಿದ್ದೇವೆ. ಎರಡು ಸಭೆ ನಡೆದರೂ ‘ನಮ್ಮ ಊರಲ್ಲೇ ಆಗಬೇಕು’ ಎಂಬಲ್ಲೇ ಮಾತು ನಿಂತಿದೆ. ಮುಂದೇನು ಮಾಡಬೇಕು?
(ಪಂಚಾಯಿತಿ ಸದಸ್ಯರೊಬ್ಬರು, ದೇವದುರ್ಗ ತಾಲ್ಲೂಕು, ರಾಯಚೂರು)

ಉತ್ತರ: ಜಾಗದ ಮಾತು ಸದ್ಯಕ್ಕೆ ಬದಿಗಿರಲಿ, ಮೊದಲು ಚೀಲ ಎಣಿಸಿ. ಪ್ರತಿ ಊರಿನಿಂದ ಒಬ್ಬ ಬೆಳೆಗಾರರು, ಸ್ವಸಹಾಯ ಸಂಘದ ಒಬ್ಬರು ಮನೆಮನೆಗೆ ಹೋಗಿ ಹಿಂದಿನ ಎರಡು ಸುಗ್ಗಿಯ ಲೆಕ್ಕ ಬರೆದುಕೊಳ್ಳಲಿ. ಎಷ್ಟು ಎಕರೆ, ಎಷ್ಟು ಕ್ವಿಂಟಲ್ ಒಣಕಾಯಿ, ಯಾವ ವಾರ ಮಾರಿದರು, ಬ್ಯಾಡಗಿಗೋ ಗುಂಟೂರಿಗೋ, ಲಾರಿ ಬಾಡಿಗೆ, ಹಮಾಲಿ, ದಲಾಲಿ ಕಳೆದು ಕೈಗೆ ಬಂದದ್ದೆಷ್ಟು. ಜೊತೆಗೆ ತಪ್ಪದೆ ಕೇಳಿ: ಬೀಜ, ಗೊಬ್ಬರಕ್ಕೆ ಮುಂಗಡ ಕೊಟ್ಟವರು ಯಾರು?

ಯೋಜನೆಯ ಹಣೆಬರಹ ಇರುವುದೇ ಈ ಉತ್ತರದಲ್ಲಿ. ದಲಾಲಿ ಅಂಗಡಿಯ ಸಾಲವಿದ್ದವರ ಮಾಲು ಕಣದಿಂದ ನೇರ ಅಲ್ಲಿಗೇ ಹೋಗುತ್ತದೆ, ದರ ಏರಲಿ ಎಂದು ಕಾಯುವ ಸ್ಥಿತಿ ಅವರದಲ್ಲ. ಅಂಥವರೇ ಹೆಚ್ಚಿದ್ದರೆ ನೀವು ಕಟ್ಟಿಸಿದ ಸ್ಟೋರೇಜ್ ವ್ಯಾಪಾರಿಗಳ ಚೀಲಗಳಿಂದ ತುಂಬುತ್ತದೆ. ಹಾಗಾಗಿ ಗೋಡೆ ಏಳುವ ಮುನ್ನವೇ ಇಟ್ಟ ಮಾಲಿನ ಮೇಲೆ ಅಡಮಾನ ಸಾಲದ ಏರ್ಪಾಡು ಆಗಿರಬೇಕು. ಕೇಂದ್ರ ಸರ್ಕಾರದ ಉಗ್ರಾಣ ಅಭಿವೃದ್ಧಿ ಮತ್ತು ನಿಯಂತ್ರಣ ಪ್ರಾಧಿಕಾರದಲ್ಲಿ (WDRA) ನೋಂದಾಯಿತವಾದ ಗೋದಾಮಿನ ರಸೀದಿಯ ಮೇಲೆ ಬ್ಯಾಂಕ್ ಸಾಲ ಸಿಗುತ್ತದೆ. ಅದರಿಂದ ಅಂಗಡಿ ಬಾಕಿ ತೀರಿಸಿ ಮಾಲು ಉಳಿಸಿಕೊಳ್ಳಬಹುದು. ಈ ವಿಷಯವನ್ನು ಬ್ಯಾಂಕ್ ಮ್ಯಾನೇಜರರ ಜೊತೆ ಈಗಲೇ ಮಾತಾಡಿ.

ಸ್ಟೋರೇಜಿಗಿಂತ ಮೊದಲು ಐದೂ ಪಂಚಾಯಿತಿಗಳಲ್ಲಿ ಕಾಯಿ ಒಣಗಿಸಲು ಕಾಂಕ್ರೀಟ್ ಕಣ ಆಗಲಿ ಎಂಬುದು ನಮ್ಮ ಖಚಿತ ಅಭಿಪ್ರಾಯ. 100 ಕೆ.ಜಿ. ಹಣ್ಣುಕಾಯಿ ಒಣಗಿದರೆ ಸುಮಾರು 25ರಿಂದ 30 ಕೆ.ಜಿ. ಉಳಿಯುತ್ತದೆ. ತೇವ ಶೇ 10ರ ಆಸುಪಾಸಿಗೆ ಇಳಿಯಬೇಕು, ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು. ಇಬ್ಬನಿಯಲ್ಲಿ ನೆನೆದ ಕಾಯಿ, ತೂಕಕ್ಕೆಂದು ನೀರು ಚಿಮುಕಿಸಿದ ಕಾಯಿ ಬೂಸ್ಟು ಹಿಡಿಯುತ್ತದೆ, ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ಅದನ್ನು ಆಮೇಲೆ ಎಷ್ಟು ತಂಪಿನಲ್ಲಿಟ್ಟರೂ ಪ್ರಯೋಜನವಿಲ್ಲ. ಪ್ರತಿ ಕಣಕ್ಕೂ ತಾಡಪತ್ರಿ, ಒಂದು ತೇವಮಾಪಕ ಇರಲಿ.

ಕಣ ಎಲ್ಲರಿಗೂ ಸಿಕ್ಕರೆ ಜಾಗದ ಜಗಳ ಅರ್ಧ ತಣ್ಣಗಾಗುತ್ತದೆ. ಉಳಿದದ್ದನ್ನು ನಕ್ಷೆ ಮುಂದಿಟ್ಟುಕೊಂಡು ತೀರ್ಮಾನಿಸಿ: ಹೆಚ್ಚು ಚೀಲ ಬರುವ ಊರುಗಳಿಗೆ ಹತ್ತಿರವಿರಬೇಕು, ಮಳೆಗಾಲದಲ್ಲೂ ಲಾರಿ ಬರಬೇಕು, ತ್ರೀ ಫೇಸ್ ಲೈನ್ ಇರಬೇಕು. ಎರೆ ನೆಲವಾದರೆ ಮಣ್ಣು ಪರೀಕ್ಷೆ ಆಗಲೇಬೇಕು. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮಾಮೂಲಿ ತಳಪಾಯ ಹಾಕಿದರೆ ಗೋಡೆ ಸೀಳಿ ತಂಪು ಸೋರುತ್ತದೆ, ಕರೆಂಟ್ ಬಿಲ್ ಏರುತ್ತದೆ.

ನಡೆಸುವ ಹೊಣೆ ಪಂಚಾಯಿತಿಗೆ ಬೇಡ. ಐದು ವರ್ಷಕ್ಕೊಮ್ಮೆ ಸದಸ್ಯರು ಬದಲಾಗುತ್ತಾರೆ. 10 ಬೆಳೆಗಾರರಿದ್ದರೆ ರೈತರೇ ಷೇರುದಾರರಾಗುವ ರೈತ ಉತ್ಪಾದಕ ಕಂಪನಿ ನೋಂದಾಯಿಸಬಹುದು, ಹೊಣೆ ಅದಕ್ಕಿರಲಿ. ರೈತರಷ್ಟೇ ಸದಸ್ಯರಾಗಿದ್ದರೆ ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಮತ. ನಿರ್ದೇಶಕರು 5ರಿಂದ 15 ಇರಬಹುದು. ಪಂಚಾಯಿತಿಗೆ ಇಬ್ಬರಂತೆ ಹತ್ತು ಜನ ಇರಲಿ, ಆ ಇಬ್ಬರಲ್ಲಿ ಒಬ್ಬರು ಹೆಣ್ಣುಮಗಳಾಗಿರಲಿ. ಒಣಗಿಸಿ ಆರಿಸುವ ಕೆಲಸದ ಅನುಭವ ಅವರದೇ ಅಲ್ಲವೇ.

ಪಂಚಾಯಿತಿಗಳು ಜಾಗ, ರಸ್ತೆ ನೋಡಿಕೊಳ್ಳಲಿ. ಐದೂ ಗ್ರಾಮಸಭೆಗಳಲ್ಲಿ ಒಂದೇ ಒಕ್ಕಣೆಯ ಠರಾವು ಆಗಬೇಕು: ಸರ್ವೆ ನಂಬರು, ಯಾರ ಪಾಲೆಷ್ಟು, ರಿಪೇರಿ ಯಾರದು. ಅದೇ ಮಾತು ಐದೂ ಪಂಚಾಯಿತಿಗಳ ವಾರ್ಷಿಕ ಯೋಜನೆಯಲ್ಲೂ ಇರಲಿ. ಆಮೇಲೆ ಅನುದಾನಕ್ಕಾಗಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಪ್ರಸ್ತಾವ ಕಳಿಸಿ.

ಮೊದಲ ವರ್ಷ ಸ್ಟೋರೇಜ್ ಕಟ್ಟದೆ, ಈಗಿರುವ ಸ್ಟೋರೇಜೊಂದರಲ್ಲಿ 500 ಚೀಲ ಬಾಡಿಗೆಗೆ ಇಟ್ಟು ನೋಡಿ. ಬಾಡಿಗೆ, ಸಾಲದ ಬಡ್ಡಿ, ತೂಕದ ನಷ್ಟ ಕಳೆದ ಮೇಲೂ ಸುಗ್ಗಿಯ ದರಕ್ಕಿಂತ ಹೆಚ್ಚು ಉಳಿದರೆ ತಳಪಾಯ ತೋಡಿ.